ಫೆರಾಂಟೆ ಕಾದಂಬರಿಯಲ್ಲಿ ಹೆಸರುಗಳ ಗೊಂದಲ

ಇಟಲಿಯ ಲೇಖಕಿ ಎಲೆನಾ ಫೆರಾಂಟೆಯ ನಾಲ್ಕು ಸಂಪುಟಗಳ ಕಾದಂಬರಿಯಲ್ಲಿ ಮೊದಲನೆಯದಾದ 'ಮೈ ಬ್ರಿಲಿಯಂಟ್ ಫ್ರೆಂಡ್' ಓದು ಹೆಸರುಗಳ ಗೊಂದಲದಲ್ಲೇ ನಿಂತುಹೋಗಿದೆ, ಅದರಲ್ಲಿ ಸಮಾಜದ ಬದಲಾವಣೆ ಎಲ್ಲಿದೆ ಅಂತಲೂ ತಿಳಿಯುತ್ತಿಲ್ಲ ಅಂದಿರಿ. ಬಹುಶಃ ನೀವು ಒಬ್ಬೊಬ್ಬರನ್ನೂ ಬಿಡಿಯಾಗಿ ನೆನಪಿಡಲು ನೋಡುತ್ತಿದ್ದೀರಿ. ಅಲ್ಲಿ ಮುಖ್ಯವಾದದ್ದು ಮನೆತನ. ಪುಸ್ತಕದ ಶುರುವಿನಲ್ಲೇ ಮನೆವಾರು ಪಟ್ಟಿ ಇದೆ. ಮೊಬೈಲಿನಲ್ಲಿ ಓದುತ್ತಿದ್ದರೆ ಅದು ತಪ್ಪಿಹೋಗಿರಬಹುದು.

ಮೊದಲು ಆ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಕಸುಬನ್ನೂ ಹಾಕಿ: ಚೆರುಲ್ಲೊ ಅಂದರೆ ಬೂಟು ಹೊಲಿಯುವವರು, ಪೆಲೂಸೊ ಬಡಗಿ, ಸೊಲಾರಾ ಬಾರ್ ಮಾಲೀಕರು. ಯಾರಿಗೆ ಯಾರ ಭಯ ಅನ್ನುವುದು ಆಗ ತಾನಾಗೇ ಬಿಡಿಸಿಕೊಳ್ಳುತ್ತದೆ.

ಆಮೇಲೆ ಕಥೆಯ ಇಬ್ಬರು ಗೆಳತಿಯರಾದ ಎಲೆನಾ, ಲೀಲಾರ ಐದನೇ ಕ್ಲಾಸು ಮುಗಿಯುವ ಭಾಗಕ್ಕೆ ವಾಪಸ್ ಹೋಗಿ. ಸಮಾಜದ ಬದಲಾವಣೆ ಎಲ್ಲಿದೆ ಅಂತ ಕೇಳಿದ್ದೀರಲ್ಲ, ಅದು ಇಲ್ಲೇ ಇದೆ. ಟೀಚರ್ ಒತ್ತಾಯಕ್ಕೆ ಎಲೆನಾಳನ್ನು ಮನೆಯವರು ಮುಂದೆ ಓದಿಸುತ್ತಾರೆ. ಓದಬೇಕು ಅಂತ ಹಟ ಹಿಡಿದ ಲೀಲಾಳನ್ನು ಅಪ್ಪ ಕಿಟಕಿಯಿಂದ ಹೊರಗೆ ಎಸೆಯುತ್ತಾನೆ. ಕೈ ಮುರಿಯುತ್ತದೆ. ಇದು 1950ರ ದಶಕದ ನೇಪಲ್ಸ್, ಇಟಲಿಯ ಒಂದು ನಗರ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಮಾಧ್ಯಮಿಕ ಶಾಲೆ ಕೊಟ್ಟ ಕಾನೂನು ಬಂದದ್ದು 1962ರಲ್ಲಿ.

ಮುಂದಿನ ಸಂಪುಟಗಳಿಗೆ ಎರಡು ಇಸವಿ ಸಾಕು. 1970ರಲ್ಲಿ ಇಟಲಿಯಲ್ಲಿ ವಿಚ್ಛೇದನ ಕಾನೂನು ಬಂತು. 1975ರಲ್ಲಿ ಗಂಡನೇ ಮನೆಯ ಯಜಮಾನ ಅನ್ನುವುದು ಕಾನೂನಿನಿಂದ ಹೋಯಿತು. ಲೀಲಾಳ ಮದುವೆ ಇವೆರಡಕ್ಕೂ ಮುಂಚಿನದು. ಅವಳು ಗಂಡನನ್ನು ಸುಮ್ನೆ ಬಿಟ್ಟು ಹೋಗಬಾರದಾ ಅನ್ನಿಸಿದಾಗ ಇದು ನೆನಪಿರಲಿ.

ನಾಲ್ಕು ಸಂಪುಟ ಜಾಸ್ತಿ ಅನ್ನಿಸಿದರೆ ಇಟಲಿಯ ಇನ್ನೊಬ್ಬ ಲೇಖಕ ದೊಮೆನಿಕೊ ಸ್ಟಾರ್ನೋನೆಯ ತೆಳು ಕಾದಂಬರಿಯಿಂದ ಶುರುಮಾಡಿ. ಝುಂಪಾ ಲಾಹಿರಿ ಅದನ್ನು 'ಟೈಸ್' ಅಂತ ಇಂಗ್ಲಿಷಿಗೆ ತಂದಿದ್ದಾರೆ. ಬಿಟ್ಟುಹೋದ ಗಂಡನಿಗೆ ಹೆಂಡತಿ ಬರೆದ ಪತ್ರಗಳಿಂದಲೇ ಶುರುವಾಗುತ್ತದೆ, ನೆನಪಿಡಬೇಕಾದ ಹೆಸರುಗಳೂ ಕಡಿಮೆ.