ಅಪ್ಪನಿಗೆ ತಲೆಸುತ್ತು, ಮುಖದ ಒಂದು ಬದಿ ಜೋಮು. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ಎಂಆರ್‌ಐ ಕೂಡ ನಾರ್ಮಲ್. ಆದರೂ ಬೆರಾ (ಕಿವಿಯಿಂದ ಮೆದುಳಿನ ಕಡೆಗೆ ಹೋಗುವ ದಾರಿಯ ಟೆಸ್ಟ್), ಬ್ಲಿಂಕ್ ರಿಫ್ಲೆಕ್ಸ್ (ಕಣ್ಣು ತಾನಾಗಿ ಮಿಟುಕುವುದರ ಟೆಸ್ಟ್) ಯಾಕೆ ಬರೆದಿದ್ದಾರೆ ಎಂದು ಕೇಳಿದ್ದೀರಿ.

ಈ ಎರಡೂ ಟೆಸ್ಟ್ ಮಾಡುವ ಲ್ಯಾಬಿನಲ್ಲೇ ನನ್ನ ಕೆಲಸ. ಅವು ಏನನ್ನು ಅಳೆಯುತ್ತವೆ ಎಂದು ಹೇಳಬಲ್ಲೆ. ರಿಪೋರ್ಟಿನ ಅರ್ಥವನ್ನು ಮಾತ್ರ ಅವರನ್ನು ಪರೀಕ್ಷಿಸಿದ ವೈದ್ಯರಿಂದಲೇ ಕೇಳಿ.

ತಲೆಸುತ್ತಿನ ಜೊತೆಗೆ ಮುಖದ ಒಂದು ಬದಿ ಜೋಮು ಎಂದಿದ್ದೀರಿ. ಅವೆರಡು ಒಟ್ಟಿಗೆ ಬಂದರೆ ಅನುಮಾನ ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳುಕಾಂಡದ ಕಡೆ ಹೋಗುವುದು ಸಹಜ. ಅಲ್ಲಿ ಆಗುವ ಸಣ್ಣ ಸ್ಟ್ರೋಕ್ ಮೊದಲ ಒಂದೆರಡು ದಿನ ಎಂಆರ್‌ಐಗೂ ಸಿಗದೆ ಹೋಗುವುದುಂಟು. (ತೊಂದರೆ ಹೊಸದಾಗಿ, ದಿಢೀರನೆ ಶುರುವಾದದ್ದಾದರೆ ಈ ಟೆಸ್ಟ್‌ಗಳ ತಾರೀಖಿಗೆ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ.)

ಬೆರಾದಲ್ಲಿ ಕಿವಿಗೆ ಟಕ್ ಟಕ್ ಸದ್ದು ಕೊಟ್ಟು, ಸಾವಿರಾರು ಸಲದ ಸರಾಸರಿ ತೆಗೆಯುತ್ತೇವೆ. ಮೊದಲ 10 ಮಿಲಿಸೆಕೆಂಡಿನೊಳಗೆ ಐದು ಪುಟ್ಟ ಅಲೆಗಳು ಕಾಣುತ್ತವೆ. ಮೊದಲನೆಯದು ಶ್ರವಣ ನರದ್ದು. ಐದನೆಯದು ಹುಟ್ಟುವುದು ಮೆದುಳುಕಾಂಡದ ಮೇಲ್ಭಾಗದಲ್ಲಿ. ಇವೆರಡರ ನಡುವಿನ ಅಂತರ ಸುಮಾರು 4 ಮಿಲಿಸೆಕೆಂಡ್. ಅದು 4.5 ದಾಟಿದರೆ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ ಎಂದು ಲೆಕ್ಕ. ಅಂದರೆ ಅಪ್ಪನಿಗೆ ಕಿವಿ ಚೆನ್ನಾಗಿರುವುದು ನಮಗೆ ಅನುಕೂಲವೇ. ಕಿವುಡಿದ್ದವರಲ್ಲಿ ಮೊದಲ ಅಲೆಯೇ ಸರಿಯಾಗಿ ಸಿಗುವುದಿಲ್ಲ, ಆಗ ಅಂತರ ಎಲ್ಲಿಂದ ಅಳೆಯುವುದು?

ಬೆರಾಕ್ಕೆ ಒಂದು ಮಿತಿ ಇದೆ. ಕೇಳುವ ದಾರಿ ಮೆದುಳುಕಾಂಡವನ್ನು ನಡುವಿನಲ್ಲಿ ಹೊಕ್ಕು ಮೇಲಕ್ಕೆ ಹೋಗುತ್ತದೆ. ಅದಕ್ಕಿಂತ ಕೆಳಗೆ, ಮೆದುಳುಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿ ಪೆಟ್ಟಾಗಿದ್ದರೆ ಬೆರಾ ನಾರ್ಮಲ್ ಎಂದೇ ಬರಬಹುದು. ಅದಕ್ಕೇ ಬ್ಲಿಂಕ್ ರಿಫ್ಲೆಕ್ಸ್.

ಹುಬ್ಬಿನ ಮೇಲೆ ಸಣ್ಣ ಕರೆಂಟ್ ಕೊಟ್ಟು ಎರಡೂ ಕಣ್ಣಿನ ಕೆಳಗಿನ ಸ್ನಾಯು ಯಾವಾಗ ಮಿಡಿಯುತ್ತದೆ ನೋಡುತ್ತೇವೆ. ಆರ್1 ಎಂಬ ಮೊದಲ ಉತ್ತರ ಕರೆಂಟ್ ಕೊಟ್ಟ ಬದಿಯಲ್ಲಷ್ಟೇ, 10-12 ಮಿಲಿಸೆಕೆಂಡಿಗೆ ಬರುತ್ತದೆ; ಅದರ ದಾರಿ ಮೆದುಳುಕಾಂಡದ ನಡುಭಾಗವಾದ ಪಾನ್ಸ್‌ನಲ್ಲೇ ಮುಗಿಯುತ್ತದೆ. ಆರ್2 ಎಂಬ ಎರಡನೆಯ ಉತ್ತರ ಮೆಡುಲ್ಲಾದವರೆಗೆ ಇಳಿದು ಮತ್ತೆ ಹತ್ತಿ, 30-40 ಮಿಲಿಸೆಕೆಂಡಿಗೆ ಎರಡೂ ಕಣ್ಣಲ್ಲಿ ಬರುತ್ತದೆ. ಸ್ವೀಡನ್ನಿನ ನರವೈದ್ಯ ಕುಗೆಲ್‌ಬರ್ಗ್ 1952ರಲ್ಲೇ ಇವೆರಡನ್ನು ಬೇರ್ಪಡಿಸಿ ತೋರಿಸಿದ್ದರು.

ನನಗೆ ಇಷ್ಟವಾದ ಭಾಗ ಇದು. ಮೆಡುಲ್ಲಾದ ಪಕ್ಕದ ಸ್ಟ್ರೋಕ್, ಅಂದರೆ ವಾಲೆನ್‌ಬರ್ಗ್ ಸಿಂಡ್ರೋಮ್ ಇದ್ದವರಲ್ಲಿ ಸಾಮಾನ್ಯವಾಗಿ ಆರ್1 ಸರಿಯಾಗಿರುತ್ತದೆ. ಪೆಟ್ಟಾದ ಬದಿಗೆ ಕರೆಂಟ್ ಕೊಟ್ಟಾಗ ಆರ್2 ಎರಡೂ ಕಣ್ಣಲ್ಲಿ ತಡ, ಇಲ್ಲವೇ ನಾಪತ್ತೆ. ಇನ್ನೊಂದು ಬದಿಗೆ ಕೊಟ್ಟರೆ ಎರಡೂ ಸರಿ. ಮುಖದ ನರ ಸೋತು ಒಂದು ಬದಿ ಜೋತುಬೀಳುವ ಬೆಲ್ಸ್ ಪಾಲ್ಸಿಯಲ್ಲಿ ಹಾಗಲ್ಲ: ಯಾವ ಬದಿಗೆ ಕೊಟ್ಟರೂ ಸೋತ ಕಣ್ಣೊಂದೇ ಹಿಂದೆ ಬೀಳುತ್ತದೆ. ಜೋಮು ಇರುವ ಮುಖದಲ್ಲಿ ತೊಂದರೆ ಮೆದುಳುಕಾಂಡದ ಒಳಗೆ ಸಂದೇಶ ಹೋಗುವ ದಾರಿಯದ್ದೋ ಸ್ನಾಯುವಿಗೆ ಹೊರಗೆ ಬರುವ ದಾರಿಯದ್ದೋ ಎಂದು ಇಷ್ಟು ಸಲೀಸಾಗಿ ಹೇಳುವ ಟೆಸ್ಟ್ ನಾನಂತೂ ಬೇರೆ ಕಂಡಿಲ್ಲ.

ಎರಡೂ ಹೇಳುವುದು ಜಾಗವನ್ನು. ಕಾರಣ ಸ್ಟ್ರೋಕೋ, ಗೆಡ್ಡೆಯೋ, ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ಸೋ ಎಂದು ಅಲೆ ನೋಡಿ ಹೇಳಲಾಗದು. ಎರಡೂ ನಾರ್ಮಲ್ ಬಂದರೂ ಮೆದುಳುಕಾಂಡಕ್ಕೆ ಏನೂ ಆಗಿಲ್ಲ ಎಂದು ಖಾತ್ರಿಯಿಲ್ಲ. ವೈದ್ಯರು ಎಂಆರ್‌ಐ ಮತ್ತೆ ಮಾಡಿಸಬಹುದು.

ಬರುವಾಗ ತಲೆಗೆ ಎಣ್ಣೆ ಬೇಡ, ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಕಿವಿಯಲ್ಲಿ ಗುಗ್ಗೆ ಇದ್ದರೆ ಮೊದಲೇ ತೆಗೆಸಿ. ಕರೆಂಟ್ ಚುರುಕ್ ಎನ್ನುತ್ತದೆ, ಅಷ್ಟೇ. ಪೇಸ್‌ಮೇಕರ್ ಇದ್ದರೆ ಮುಂಚೆಯೇ ಹೇಳಿ. ಬೆರಾದಲ್ಲಿ ಅಪ್ಪ ನಿದ್ದೆ ಹೋದರೂ ಪರವಾಗಿಲ್ಲ. ಬ್ಲಿಂಕ್ ಮಾಡುವಾಗ ಎಚ್ಚರವಾಗಿರಲಿ, ತೂಕಡಿಸಿದರೂ ಆರ್2 ಕುಗ್ಗುತ್ತದೆ. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಟೆಕ್ನೀಷಿಯನ್‌ಗೆ ತಿಳಿಸಿ.