ಮೆಷಿನ್ ಮಾಡಿದ ಹಾಡಿಗೆ ನನ್ನ ಹೆಸರು ಹಾಕಲೇ?

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನಲ್ಲಿ 15 ವರ್ಷದಿಂದ ಜಾಹೀರಾತಿನ ಜಿಂಗಲ್, ಧಾರಾವಾಹಿಗಳ ಹಿನ್ನೆಲೆ ಸಂಗೀತ, ಭಕ್ತಿಗೀತೆ ಆಲ್ಬಂ ಮಾಡಿಕೊಂಡು ಬಂದಿದ್ದೇನೆ. ಮನೆಯ ಒಂದು ಕೋಣೆಯೇ ಸ್ಟುಡಿಯೊ. 30 ಸೆಕೆಂಡಿನ ಜಿಂಗಲ್‌ಗೆ 25,000 ರೂಪಾಯಿ ಕೊಡುತ್ತಿದ್ದ ಹಳೆಯ ಗಿರಾಕಿಯೊಬ್ಬರು ಕಳೆದ ವಾರ ಎಐನಲ್ಲಿ ತಾವೇ ಮಾಡಿದ ಹಾಡು ಕಳಿಸಿದರು. 'ಸ್ವಲ್ಪ ರಿಪೇರಿ ಮಾಡಿ ಕೊಡಿ, 4,000 ಕೊಡ್ತೀನಿ, ಸಂಗೀತ ಅಂತ ನಿಮ್ಮ ಹೆಸರೇ ಹಾಕೋಣ' ಅಂದರು. ಜೊತೆಗೆ ಎಲ್ಲ ಹಕ್ಕೂ ಅವರದೇ ಎಂಬ ಎರಡು ಪುಟದ ಕರಾರು. ಈ ವರ್ಷ ಕೆಲಸ ಅರ್ಧಕ್ಕೆ ಇಳಿದಿದೆ. ಹೆಂಡತಿ 'ಬಂದಷ್ಟು ಬರಲಿ, ಮಾಡಿ' ಅನ್ನುತ್ತಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ. ಮೈಕು, ಪ್ರಿಆಂಪ್ ಎಲ್ಲ ಮಾರಿ ಬೇರೆ ದಾರಿ ನೋಡಿಕೊಳ್ಳಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೈಕು ಮಾರಬೇಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹದಿನೈದು ವರ್ಷ ಕೈ ಪಳಗಿಸಿಕೊಂಡ ವಿದ್ಯೆಯನ್ನು 'ಸ್ವಲ್ಪ ರಿಪೇರಿ' ಅಂದರೆ ಯಾರಿಗಾದರೂ ಎದೆ ಚುರುಕ್ ಅನ್ನುತ್ತದೆ. ನಿಮ್ಮ ಭಯವೂ ಸುಳ್ಳಲ್ಲ. ಕೃತಿಕಾರರ ಸಂಘಗಳ ಜಾಗತಿಕ ಒಕ್ಕೂಟವಾದ ಸಿಸ್ಯಾಕ್ 2024ರ ಡಿಸೆಂಬರಿನಲ್ಲಿ ಹೊರತಂದ ಅಧ್ಯಯನದ ಪ್ರಕಾರ 2028ರ ಹೊತ್ತಿಗೆ ಸಂಗೀತ ರಚಿಸುವವರ ಆದಾಯದಲ್ಲಿ ಶೇ 24ರಷ್ಟು ಅಪಾಯದಲ್ಲಿರುತ್ತದೆ. ಆನ್‌ಲೈನಿನಲ್ಲಿ ಹಾಡು ಕೇಳಿಸುವ ಫ್ರಾನ್ಸಿನ ಡೀಜರ್ ಕಂಪನಿಗೆ 2025ರ ಏಪ್ರಿಲ್ ವೇಳೆಗೇ ದಿನಕ್ಕೆ 20,000ಕ್ಕೂ ಹೆಚ್ಚು ಪೂರ್ತಿ ಎಐ ಹಾಡುಗಳು ಬಂದು ಬೀಳುತ್ತಿದ್ದವು. ಕೆಲಸ ಕಡಿಮೆಯಾದದ್ದು ನಿಮ್ಮ ಕೈಗುಣ ಕೆಟ್ಟು ಅಲ್ಲ.

ಈಗ ಆ 4,000ದ ಲೆಕ್ಕ ಹಾಕೋಣ. ನಿಮ್ಮ ಕೈಗೆ ಬಂದಿರುವುದು ಬಹುಶಃ ಒಂದೇ ಸ್ಟೀರಿಯೊ ಫೈಲ್. ಅದನ್ನು ಸ್ಟೆಮ್‌ಗಳಾಗಿ (ದನಿ, ವಾದ್ಯ ಬೇರೆಬೇರೆ ಟ್ರ್ಯಾಕುಗಳಾಗಿ) ಬಿಡಿಸಿದರೆ ದನಿಗೆ ರಿವರ್ಬ್ ಎಂಬ ಅನುರಣನ ಅಂಟಿಕೊಂಡೇ ಬರುತ್ತದೆ, ಸಿಂಬಲ್ ಸದ್ದು ದನಿಯೊಳಗೆ ಸೋರಿರುತ್ತದೆ, ಮೇಲುಸ್ತರದಲ್ಲಿ ತಗಡು ಅಲ್ಲಾಡಿಸಿದಂಥ ಕಿರಿಕಿರಿ ಇರುತ್ತದೆ. ಡಿ-ಎಸ್ಸರ್ (ಸಕಾರದ ಸೀಟಿ ತಗ್ಗಿಸುವ ಉಪಕರಣ) ಹಾಕಿದರೆ ಸ, ಶ ಮಂಕಾಗುತ್ತವೆಯೇ ಹೊರತು ತಗಡು ಹೋಗುವುದಿಲ್ಲ. ಟೆಂಪೊ ಅಲ್ಲಲ್ಲಿ ಕ್ಲಿಕ್‌ನಿಂದ (ವೇಗ ಎಣಿಸುವ ಟಿಕ್‌ಟಿಕ್‌ನಿಂದ) ಜಾರುತ್ತದೆ, ಒಂದೊಂದು ಬಾರ್ (ತಾಳದ ಒಂದು ಸುತ್ತು) ಹಿಡಿದು ಮ್ಯಾಪ್ ಮಾಡಬೇಕು. ಎಲ್ಲಕ್ಕಿಂತ ಕಷ್ಟ ಕನ್ನಡದ್ದು. 'ಬೆಳಗು' ಹೋಗಿ 'ಬೆಲಗು', 'ಹಣ್ಣು' ಹೋಗಿ 'ಹನ್ನು', ಹ್ರಸ್ವ ಇರಬೇಕಾದಲ್ಲಿ ದೀರ್ಘ. ಇದನ್ನು ಯಾವ ಪ್ಲಗಿನ್ನೂ ತಿದ್ದುವುದಿಲ್ಲ, ಗಾಯಕಿಯನ್ನು ಕರೆಸಲೇಬೇಕು. ಬಿಡಿಸಿ ಶುಚಿ ಮಾಡಲು 3 ಗಂಟೆ, ಟೆಂಪೊಗೆ 1, ಮರುಗಾಯನಕ್ಕೆ 2, ಮಿಕ್ಸಿಂಗ್‌ಗೆ 3, ಅವರು ಹೇಳುವ ತಿದ್ದುಪಡಿಗಳಿಗೆ 2 ಎಂದಿಟ್ಟುಕೊಳ್ಳಿ: 11 ಗಂಟೆ. ಗಾಯಕಿಗೆ 2,500 ಕೊಟ್ಟರೆ ನಿಮಗೆ ಉಳಿಯುವುದು 1,500, ಅಂದರೆ ಗಂಟೆಗೆ 136 ರೂಪಾಯಿ ಚಿಲ್ಲರೆ. ಕರೆಂಟ್ ಬಿಲ್ಲು ಬೇರೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬಡಿತದ ವೇಗದಲ್ಲಿ) 30 ಸೆಕೆಂಡ್ ಎಂದರೆ ನಾಲ್ಕು ಬಡಿತದ ಬರೀ 15 ಬಾರ್. ಅಷ್ಟನ್ನು ಹೊಸದಾಗಿ ಕಟ್ಟುವುದು ನಿಮಗೆ ರಿಪೇರಿಗಿಂತ ಸಲೀಸು.

ಆದ್ದರಿಂದ ರಿಪೇರಿ ಒಪ್ಪಬೇಡಿ, ಗಿರಾಕಿಯನ್ನೂ ಬಿಡಬೇಡಿ. ಅವರ ಫೈಲನ್ನು ಮಾದರಿ ಎಂದಷ್ಟೇ ತೆಗೆದುಕೊಳ್ಳಿ. ಒಮ್ಮೆ ಕೇಳಿ, ಅವರಿಗೆ ಹಿಡಿಸಿದ್ದೇನು ಅನ್ನುವುದನ್ನು ಮೂರು ಸಾಲಲ್ಲಿ ಬರೆದುಕೊಳ್ಳಿ: ನಡೆ, ಭಾವ, ಮುಖ್ಯ ವಾದ್ಯ. ಫೈಲ್ ಮುಚ್ಚಿ. ಟ್ಯೂನ್ ಹಾಕುವಾಗ ಮತ್ತೆ ಕೇಳಬೇಡಿ, ಕೇಳಿದರೆ ಅದರ ಸ್ವರಗಳು ಕೈಗೆ ಅಂಟುತ್ತವೆ. ಬೆಲೆ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸಿ. 25,000ಕ್ಕೆ ಲೈವ್ ಕೊಳಲು, 30, 20, 10 ಸೆಕೆಂಡಿನ ಮೂರು ಕಟ್, ಮೂರು ಸುತ್ತು ತಿದ್ದುಪಡಿ. 16,000ಕ್ಕೆ ಪ್ರೋಗ್ರಾಮಿಂಗ್ (ಕಂಪ್ಯೂಟರಿನ ವಾದ್ಯ) ಮಾತ್ರ, ಒಂದೇ ಕಟ್, ಒಂದೇ ಸುತ್ತು. ಅದೇ ಕೆಲಸಕ್ಕೆ ಕಡಿಮೆ ದುಡ್ಡು ಒಪ್ಪಿಕೊಂಡರೆ ಮುಂದಿನ ಸಲಕ್ಕೆ ಅದೇ ನಿಮ್ಮ ರೇಟಾಗಿ ಕೂರುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮ ಮಾತು ಖಡಕ್ಕಾಗಿದೆ: ನೀವು ಕಟ್ಟದ ಟ್ಯೂನಿಗೆ ನಿಮ್ಮ ಹೆಸರು ಬೇಡ. ಆ ಎರಡು ಪುಟದ ಕರಾರನ್ನು ಇನ್ನೊಮ್ಮೆ ಓದಿ. 'ಇದು ನನ್ನ ಸ್ವಂತ ಕೃತಿ, ಯಾರಾದರೂ ತಕರಾರು ತೆಗೆದರೆ ನಷ್ಟ ನಾನೇ ಭರಿಸುತ್ತೇನೆ' ಎಂಬ ಸಾಲು ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೆಷಿನ್ ಕೊಟ್ಟ ಟ್ಯೂನು ಇನ್ನಾರದೋ ಹಾಡಿಗೆ ಹೋಲಿದರೆ ನೋಟಿಸು ಬರುವುದು ನಿಮ್ಮ ಬಾಗಿಲಿಗೆ. ಅಮೆರಿಕದ ದೊಡ್ಡ ಮ್ಯೂಸಿಕ್ ಕಂಪನಿಗಳು ಹಾಡು ಮಾಡುವ ಎಐ ಕಂಪನಿಗಳಾದ ಸೂನೋ, ಯೂಡಿಯೋ ಮೇಲೆ 2024ರ ಜೂನ್‌ನಲ್ಲಿ ಹಾಕಿದ ದಾವೆಗಳ ಮೂಲ ಆರೋಪ: ಅನುಮತಿ ಪಡೆಯದೆ ಹಾಡುಗಳನ್ನು ಮೆಷಿನ್‌ಗೆ ಉಣಿಸಿದ್ದು. ಇನ್ನೊಂದು ಗಮನಿಸಿ. ಸೂನೋದ ಉಚಿತ ಖಾತೆಯಲ್ಲಿ ಮಾಡಿದ ಹಾಡನ್ನು ಜಾಹೀರಾತಿಗೆ ಬಳಸಲು ಅದರ ನಿಯಮವೇ ಬಿಡುವುದಿಲ್ಲ. ನಿಮ್ಮ ಗಿರಾಕಿಗೆ ಇದು ಗೊತ್ತಿರಲಿಕ್ಕಿಲ್ಲ, ತಿಳಿಸಿ ಹೇಳಿ.

ಕರಾರಿಗೆ ಸಹಿ ಹಾಕುವ ಮುಂಚೆ 1957ರ ಕೃತಿಸ್ವಾಮ್ಯ ಕಾಯ್ದೆಯ 18 ಮತ್ತು 19ನೇ ಕಲಂ ನೆನಪಿರಲಿ. ಹಕ್ಕು ಬಿಟ್ಟುಕೊಡುವ ಕಾಗದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿಯ ನಂತರ, ಚಿತ್ರಿಕೆಯಲ್ಲಿ (ಸಿನಿಮಾ, ವಿಡಿಯೊದಂಥ ದೃಶ್ಯಕೃತಿಯಲ್ಲಿ) ಸೇರಿದ ಸಂಗೀತಕ್ಕೆ ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಯಿಂದ ಬರುವ ರಾಯಧನದಲ್ಲಿ ಸಂಯೋಜಕರ ಸಮಪಾಲನ್ನು ಬರೆದುಕೊಟ್ಟರೂ ಬಿಟ್ಟುಕೊಡಲಾಗದು. ವಾರಸುದಾರರಿಗೆ ಅಥವಾ ಹಕ್ಕುಸಂಘಕ್ಕೆ ಕೊಡಬಹುದು, ಅಷ್ಟೆ. ಆದರೆ ಹಕ್ಕು ಕಾಯ್ದೆಯಲ್ಲಿದ್ದ ಮಾತ್ರಕ್ಕೆ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ಸಂಯೋಜಕರ ರಾಯಧನ ವಸೂಲಿ ಮಾಡಿಕೊಡುವ ಹಕ್ಕುಸಂಘವಾದ ಐಪಿಆರ್‌ಎಸ್ ಸದಸ್ಯತ್ವ ಮಾಡಿಸಿ, ಹಳೆಯ ಕೃತಿಗಳನ್ನು ಒಂದೊಂದಾಗಿ ನೋಂದಾಯಿಸಿ. ಧಾರಾವಾಹಿಗಳಿಗೆ ಕ್ಯೂ ಶೀಟ್ ಇಡಿ: ಎಪಿಸೋಡ್ ಸಂಖ್ಯೆ, ತುಣುಕಿನ ಹೆಸರು, ಎಷ್ಟು ಸೆಕೆಂಡ್, ಶೀರ್ಷಿಕೆಗೋ ಹಿನ್ನೆಲೆಗೋ, ಸಂಯೋಜಕರ ಹೆಸರು, ಪಾಲು. ಇಷ್ಟು ವರ್ಷ ಬರೆದಿಡದಿದ್ದರೆ ಈ ತಿಂಗಳ ಎಪಿಸೋಡಿನಿಂದಾದರೂ ಶುರು ಮಾಡಿ. ಮತ್ತು ಪ್ರತಿ ಕರಾರಿಗೂ ಈ ಸಾಲು ಸೇರಿಸಿ: 'ಈ ರೆಕಾರ್ಡಿಂಗ್, ಸ್ಟೆಮ್, ಮಿಡಿ ಫೈಲ್ ಹಾಗೂ ಗಾಯಕರ ದನಿಯನ್ನು ಎಐ ತರಬೇತಿಗೆ ಅಥವಾ ದನಿಯ ನಕಲಿಗೆ ಲಿಖಿತ ಒಪ್ಪಿಗೆ ಮತ್ತು ಪ್ರತ್ಯೇಕ ಸಂಭಾವನೆ ಇಲ್ಲದೆ ಬಳಸುವಂತಿಲ್ಲ.' ನಿಮ್ಮ ಕೋಣೆಗೆ ಬಂದು ಹಾಡಿಹೋಗುವ ಗಾಯಕಿಯ ದನಿ ಕಾಯುವ ಹೊಣೆಯೂ ನಿಮ್ಮದೇ.

ಎಐ ಉಪಕರಣ ಮುಟ್ಟಲೇಬೇಡಿ ಎನ್ನುತ್ತಿಲ್ಲ. ಫ್ಯಾನಿನ ಗುಂಯ್‌ಗುಡುವಿಕೆ ತೆಗೆಯಲು ಬಳಸಿ, ಬಳಸಿದ್ದನ್ನು ಹೇಳಿ. ಸ್ವಂತ ಟ್ಯೂನಿಗೆ ಸಾಕ್ಷಿ ಇರಲಿ: ಫೋನಿನಲ್ಲಿ ಮೊದಲು ಗುನುಗಿದ ತುಣುಕು, ಮಿಡಿ, ಸೆಷನ್ ಫೈಲ್, 24 ಬಿಟ್ ಸ್ಟೆಮ್, ಎಲ್ಲ ಒಂದೇ ಫೋಲ್ಡರಿನಲ್ಲಿ, ಎರಡು ಡ್ರೈವ್‌ಗಳಲ್ಲಿ.

ಈಗ ಮೈಕಿನ ಮಾತಿಗೆ ಬರೋಣ. ಕಾರ್ಪೊರೇಟ್ ವಿಡಿಯೊದ ಹಿಂದೆ ಸುಮ್ಮನೆ ಹರಿಯುವ ಸಂಗೀತ ನಿಮ್ಮ ಕೈಬಿಟ್ಟು ಹೋಗುತ್ತಿದೆ, ಅದನ್ನು ಹಿಡಿದಿಡಲು ಹೆಣಗಬೇಡಿ. ಭರತನಾಟ್ಯದ ರೆಕಾರ್ಡಿಂಗ್ ಕಡೆ ನೋಡಿ. ರಂಗಪ್ರವೇಶ, ಶಾಲಾ ವಾರ್ಷಿಕೋತ್ಸವ, ವಿದೇಶದ ಕನ್ನಡ ಕೂಟಗಳಿಗೆ ಮಕ್ಕಳನ್ನು ತಯಾರು ಮಾಡುವ ನೃತ್ಯ ಶಿಕ್ಷಕಿಯರಿಗೆ ತಮ್ಮ ಸಂಯೋಜನೆಗೆ ಅಳತೆ ಕೊಟ್ಟು ಹೊಲಿಸಿದಂಥ ಹಾಡು ಬೇಕು. ಆದಿತಾಳದಲ್ಲಿ ನಾಲ್ಕು ಆವರ್ತನದ (ತಾಳದ ನಾಲ್ಕು ಸುತ್ತಿನ) ತೀರ್ಮಾನ, ಅಂದರೆ ನೃತ್ತದ ಮುಕ್ತಾಯದ ತುಣುಕು, ಎಂದರೆ 32 ಅಕ್ಷರ, ಅಕ್ಷರಕ್ಕೆ ನಾಲ್ಕು ಮಾತ್ರೆಯ ಚತುರಶ್ರ ನಡೆಯಲ್ಲಿ 128 ಮಾತ್ರೆ. ಸಾಹಿತ್ಯದ ಎಡುಪು (ಸಾಲು ಶುರುವಾಗುವ ಜಾಗ) ಸಮದಿಂದ (ತಾಳದ ಮೊದಲ ಪೆಟ್ಟಿನಿಂದ) ಅರ್ಧ ಅಕ್ಷರ ಆಚೆಗಿದ್ದರೆ ಸಮದಿಂದ ಹೊರಟ ಜತಿ (ಸೊಲ್ಲುಗಳ ಸರಣಿ) 130 ಮಾತ್ರೆ ನಡೆದು ಅಲ್ಲಿಗೇ ಬಂದು ಕೂರಬೇಕು. ಎರಡು ಮಾತ್ರೆ ತಪ್ಪಿದರೆ ಹುಡುಗಿಯ ಕಾಲು ನೆಲಕ್ಕೆ ಬಿದ್ದಾಗ ಮೃದಂಗ ಎಲ್ಲೋ ಇರುತ್ತದೆ. 'ಸಂಚಾರಿಗೆ (ಅಭಿನಯದ ವಿಸ್ತಾರಕ್ಕೆ) ಈ ಸಾಲು ಇನ್ನೆರಡು ಸಲ ಬೇಕು, ಎರಡನೆಯದರಲ್ಲಿ ಕೊಳಲು ತಗ್ಗಲಿ' ಎಂದು ಶಿಕ್ಷಕಿ ಹೇಳಿದರೆ ನೀವು ಅಲ್ಲೇ ಮಾಡಿಕೊಡಬಲ್ಲಿರಿ. ಹಾಡು ಉಗುಳುವ ಆ್ಯಪ್‌ಗೆ ಈ ಲೆಕ್ಕ ಇನ್ನೂ ಹತ್ತಿಲ್ಲ. ನಟ್ಟುವಾಂಗದ ತಾಳವನ್ನು (ನೃತ್ಯ ನಡೆಸುವ ಗುರು ಬಾರಿಸುವ ಲೋಹದ ತಾಳವನ್ನು) ಮೈಕಿನಿಂದ ಮೂರಡಿ ದೂರ, ಸ್ವಲ್ಪ ಪಕ್ಕಕ್ಕೆ ಇಡಿಸಿ, ಹತ್ತಿರ ಬಂದರೆ ಕಿವಿಗೆ ಚುಚ್ಚುತ್ತದೆ. ಮೃದಂಗಕ್ಕೆ ಎರಡು ಮೈಕು, ಗಾಯಕಿಗೆ ನಿಮ್ಮ ಕಂಡೆನ್ಸರ್ ಮೈಕು. ಅದಕ್ಕೇ ಮಾರಬೇಡಿ ಎಂದದ್ದು. ಮಾರಲೇಬೇಕಾದರೆ ವರ್ಷದಿಂದ ಮುಟ್ಟದ ಸಿಂಥ್ ಮಾರಿ.

ಹೆಂಡತಿಯ ಮಾತನ್ನು ತಪ್ಪು ತಿಳಿಯಬೇಡಿ, ಅದರ ಹಿಂದೆ ಮನೆಬಾಡಿಗೆಯ ಚಿಂತೆ ಇದೆ. ಕಳೆದ 12 ತಿಂಗಳ ಬಿಲ್ಲುಗಳನ್ನು ಇಬ್ಬರೂ ಕೂತು ಹರಡಿ, ಯಾವ ಗಿರಾಕಿ ಎಷ್ಟು ಕೊಟ್ಟರು, ಯಾರು ಎಐಗೆ ಹೋದರು ಎಂದು ಗುರುತು ಹಾಕಿ. ಕೈಯಲ್ಲಿ ಆರು ತಿಂಗಳ ಖರ್ಚು ಇಲ್ಲದಿದ್ದರೆ ವಾರಕ್ಕೆ ಎರಡು ದಿನ ಕೀಬೋರ್ಡ್ ಪಾಠವೋ ಲೈವ್ ಸೌಂಡ್ ಕೆಲಸವೋ ಒಪ್ಪಿಕೊಳ್ಳಿ. ನಿದ್ದೆ ಎರಡು ವಾರ ದಾಟಿಯೂ ಬಾರದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಗಿರಾಕಿಗೆ ನಾಳೆ ಬೆಳಿಗ್ಗೆ ಹೀಗೆ ಬರೆಯಿರಿ: 'ಸರ್, ನೀವು ಕಳಿಸಿದ್ದು ಕೇಳಿದೆ, ನಿಮಗೆ ಬೇಕಾದ ಭಾವ ಅರ್ಥವಾಯಿತು. ಆ ಫೈಲ್ ತಿದ್ದುವುದಕ್ಕಿಂತ ಹೊಸ ಟ್ಯೂನು ಮಾಡಿಕೊಡುತ್ತೇನೆ. ಅದರ ಮೇಲೆ ನಾಳೆ ಯಾರೂ ತಕರಾರು ತೆಗೆಯದಂತೆ ಹಕ್ಕಿನ ಕಾಗದವನ್ನೂ ಕೊಡುತ್ತೇನೆ. ಒಂದು ಕಟ್‌ಗೆ 16,000, ಮೂರಕ್ಕೆ 25,000. ಅರ್ಧ ಮುಂಗಡ ಬಂದರೆ ಗುರುವಾರ ಸ್ಕ್ರ್ಯಾಚ್ (ಕಚ್ಚಾ ಟ್ಯೂನು) ಕಳಿಸುತ್ತೇನೆ.'