ಎತ್ತರ ಕಮ್ಮಿ ಇರುವ ಲೈನ್‌ಬ್ಯಾಕರ್ ಹೈಸ್ಕೂಲಿನಿಂದ ಎನ್‌ಎಫ್‌ಎಲ್‌ವರೆಗೆ ಹೋಗಬಹುದೇ?

ನೀವು ಕೇಳಿದ್ದು ಇಷ್ಟು: ತಂಗಿಯ ಮಗ ಅಮೆರಿಕದಲ್ಲಿ ಹೈಸ್ಕೂಲ್ ಓದುತ್ತಿದ್ದಾನೆ, ಶಾಲೆಯ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಆಟಗಾರ. ಮುಂದೆ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಡಬೇಕು ಅಂತ ಆಸೆ. ನಿನ್ನ ಎತ್ತರ ಸಾಲದು ಅಂತ ಯಾರೋ ಹೇಳಿದ್ದಾರೆ, ಹುಡುಗ ಕುಗ್ಗಿಹೋಗಿದ್ದಾನೆ. ಅಲ್ಲಿಗೆ ಹೋಗುವ ದಾರಿ ಹೇಗಿರುತ್ತದೆ, ಎತ್ತರ ಇಲ್ಲದವನಿಗೆ ಅವಕಾಶ ಇದೆಯೇ?

ಇದೆ. ಆದರೆ ದಾರಿ ತುಂಬ ಕಿರಿದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವ ಹುಡುಗರು ಸುಮಾರು 10 ಲಕ್ಷ. ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡ, ಒಂದೊಂದರಲ್ಲಿ 53 ಜನ. ಪ್ರತಿ ವರ್ಷ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಏಳು ಸುತ್ತುಗಳಲ್ಲಿ ಆಯ್ಕೆಯಾಗುವವರು 250ರಿಂದ 260 ಜನ, ಅದೂ ಎಲ್ಲ ಜಾಗಗಳಿಗೆ ಸೇರಿ. ಹೈಸ್ಕೂಲಿನಿಂದ ನೇರವಾಗಿ ಹೋಗುವ ಹಾಗಿಲ್ಲ. ಶಾಲೆ ಮುಗಿದು ಮೂರು ವರ್ಷವಾದರೂ ಆಗಿರಬೇಕು ಅಂತ ನಿಯಮ. ಹಾಗಾಗಿ ಕಾಲೇಜು ತಂಡದ ಮೂಲಕವೇ ಹೋಗಬೇಕು. ಶುಕ್ರವಾರ ರಾತ್ರಿ ಶಾಲೆಯ ಪಂದ್ಯ, ಶನಿವಾರ ಕಾಲೇಜಿನದು, ಭಾನುವಾರ ಎನ್‌ಎಫ್‌ಎಲ್. ಶುಕ್ರವಾರದವರಲ್ಲಿ ಬಹುಪಾಲು ಹುಡುಗರಿಗೆ ಶನಿವಾರದ ಆಟವೇ ಸಿಗುವುದಿಲ್ಲ.

ನಾನಿರುವುದು ಉತ್ತರ ಕ್ಯಾರೊಲಿನಾದ ಷಾರ್ಲೆಟ್‌ನಲ್ಲಿ. ಇದು ಕ್ಯಾರೊಲಿನಾ ಪ್ಯಾಂಥರ್ಸ್ ತಂಡದ ಊರು. ಲೈನ್‌ಬ್ಯಾಕರ್‌ಗಳನ್ನು ಇಷ್ಟು ಪ್ರೀತಿಸುವ ಊರು ಇನ್ನೊಂದನ್ನು ನಾನು ನೋಡಿಲ್ಲ. ನಾನೂ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಲೈನ್‌ಬ್ಯಾಕರ್‌ನನ್ನೇ ನೋಡುತ್ತಾ ಕೂರುತ್ತೇನೆ. ಆ ಅಭ್ಯಾಸದಿಂದ ನಿಮಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲು ಲೈನ್‌ಬ್ಯಾಕರ್‌ನ ಕೆಲಸ ಏನು ಅಂತ ತಿಳಿದುಕೊಳ್ಳಿ. ರಕ್ಷಣೆಯ ಹನ್ನೊಂದು ಜನರಲ್ಲಿ ಮುಂದಿನ ಸಾಲಿನಲ್ಲಿ ದೈತ್ಯರಂಥ ಮೂರು ನಾಲ್ಕು ಜನ ಬಗ್ಗಿ ನಿಂತಿರುತ್ತಾರೆ. ಅವರಿಂದ ನಾಲ್ಕೈದು ಗಜ ಹಿಂದೆ ಲೈನ್‌ಬ್ಯಾಕರ್‌ಗಳು. ಎದುರಾಳಿ ಚೆಂಡು ಹಿಡಿದು ಓಡಿದರೆ ಇವರು ಮುಂದೆ ನುಗ್ಗಿ ಸಂದು ಮುಚ್ಚಬೇಕು. ಚೆಂಡು ಎಸೆದರೆ ಹಿಂದೆ ಓಡಿ ಜಾಗ ಕಾಯಬೇಕು. ಎರಡೂ ತದ್ವಿರುದ್ಧ. ಯಾವುದು ಅಂತ ನಿರ್ಧರಿಸಲು ಅವನಿಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಆ ಹೊತ್ತಿನಲ್ಲಿ ಅವನು ನೋಡುವುದು ಹೆಚ್ಚಾಗಿ ಚೆಂಡನ್ನಲ್ಲ. ಎದುರಿನ ಸಾಲಿನ ಗಾರ್ಡ್ ಅನ್ನು, ಅಂದರೆ ಚೆಂಡು ಹಿಡಿದವನಿಗೆ ಅಡ್ಡ ಬರುವವರನ್ನು ತಡೆಯುವ ಆಟಗಾರನನ್ನು. ಗಾರ್ಡ್ ತಗ್ಗಿ ಮುಂದೆ ನುಗ್ಗಿದರೆ ಓಟ. ಎದೆ ಎತ್ತಿ ಹಿಂದಕ್ಕೆ ಸರಿದರೆ ಎಸೆತ. ತನ್ನ ಜಾಗ ಬಿಟ್ಟು ಅಡ್ಡಕ್ಕೆ ಓಡಿದರೆ ಚೆಂಡೂ ಸಾಮಾನ್ಯವಾಗಿ ಅದೇ ಕಡೆ ಹೋಗುತ್ತದೆ. ನಮ್ಮ ಕಬಡ್ಡಿಯಲ್ಲಿ ಒಳ್ಳೆ ಕಾರ್ನರ್ ಆಟಗಾರ ರೈಡರ್‌ನ ಕೈಗೆ ಮೋಸ ಹೋಗದೆ ಸೊಂಟ, ಕಾಲು ನೋಡುತ್ತಾನಲ್ಲ, ಹಾಗೆ. ಎದುರಾಳಿಗೂ ಇದು ಗೊತ್ತು. ಓಟ ಅಂತ ತೋರಿಸಿ ಎಸೆಯುವ ಪ್ಲೇ ಆಕ್ಷನ್ ಎಂಬ ತಂತ್ರ ಇರುವುದೇ ಲೈನ್‌ಬ್ಯಾಕರ್ ಒಂದು ತಪ್ಪು ಹೆಜ್ಜೆ ಮುಂದಿಡಲಿ ಅಂತ. ಆ ಒಂದು ಹೆಜ್ಜೆ ಸಾಕು, ಬೆನ್ನ ಹಿಂದೆ ಜಾಗ ಖಾಲಿ.

ಇದರ ಮೇಲೆ ಇಡೀ ರಕ್ಷಣಾ ತಂಡವನ್ನು ನಿಲ್ಲಿಸುವ ಹೊಣೆಯೂ ಅವನದೇ. 2008ರಿಂದ ಎನ್‌ಎಫ್‌ಎಲ್‌ನಲ್ಲಿ ರಕ್ಷಣೆಯ ಒಬ್ಬ ಆಟಗಾರನ ಹೆಲ್ಮೆಟ್‌ನಲ್ಲಿ ರೇಡಿಯೊ ಇರುತ್ತದೆ. ಆ ಹೆಲ್ಮೆಟ್‌ನ ಹಿಂದೆ ಹಸಿರು ಚುಕ್ಕೆ ಕಾಣಿಸುತ್ತದೆ. ಹೆಚ್ಚಾಗಿ ಅದನ್ನು ತೊಡುವುದು ನಡುವಿನ ಲೈನ್‌ಬ್ಯಾಕರ್. ಕೋಚ್ ಹೇಳಿದ್ದನ್ನು ಕೇಳಿ ಉಳಿದ ಹತ್ತು ಜನರಿಗೆ ಕೂಗಿ ಹೇಳಬೇಕು, ಎದುರಾಳಿ ಜಾಗ ಬದಲಿಸಿದರೆ ತಾನೂ ಬದಲಿಸಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇದ್ಯಾವುದೂ ಟೇಪು ಹಿಡಿದು ಅಳೆಯಲು ಸಿಗುವುದಿಲ್ಲ. ಎತ್ತರ, ತೂಕ, 40 ಗಜದ ಓಟ ಇವೆಲ್ಲ ಅಳೆಯಲು ಸುಲಭ, ಅದಕ್ಕೇ ಎಲ್ಲರೂ ಅಳೆಯುತ್ತಾರೆ. ಬೇರೆ ಯಾವ ಜಾಗಕ್ಕಿಂತ ಲೈನ್‌ಬ್ಯಾಕರ್ ವಿಷಯದಲ್ಲಿ ಈ ಅಳತೆಗಳು ಜಾಸ್ತಿ ತಪ್ಪುತ್ತವೆ ಅನ್ನುವುದು ನನ್ನ ಅಭಿಪ್ರಾಯ.

2012ರ ಡ್ರಾಫ್ಟ್ ನೋಡಿ. ನಮ್ಮ ಪ್ಯಾಂಥರ್ಸ್ ಒಂಬತ್ತನೆಯವನಾಗಿ ಲೂಕ್ ಕೀಕ್ಲಿಯನ್ನು ತೆಗೆದುಕೊಂಡಿತು. ಸಿನ್ಸಿನಾಟಿಯ ಸೇಂಟ್ ಜೇವಿಯರ್ ಹೈಸ್ಕೂಲ್, ಅಲ್ಲಿಂದ ಬಾಸ್ಟನ್ ಕಾಲೇಜ್, 2011ರಲ್ಲಿ ದೇಶದ ಶ್ರೇಷ್ಠ ಕಾಲೇಜು ಲೈನ್‌ಬ್ಯಾಕರ್‌ಗೆ ಕೊಡುವ ಬಟ್ಕಸ್ ಪ್ರಶಸ್ತಿ. ಅವನದು ನೇರ ದಾರಿ. ಎರಡನೇ ವರ್ಷವೇ ಇಡೀ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಅನ್ನಿಸಿಕೊಂಡ. ಎದುರಾಳಿ ಏನು ಆಡಲಿದ್ದಾರೆ ಅಂತ ಚೆಂಡು ಎತ್ತುವ ಮೊದಲೇ ಕೂಗಿ ಹೇಳುತ್ತಿದ್ದ.

ಅದೇ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, 47ನೆಯವನಾಗಿ ಸಿಯಾಟಲ್ ಸೀಹಾಕ್ಸ್ ಸೇರಿದವನು ಬಾಬಿ ವ್ಯಾಗ್ನರ್. ಕ್ಯಾಲಿಫೋರ್ನಿಯಾದ ಒಂಟಾರಿಯೊ ಊರಿನ ಕಾಲನಿ ಹೈಸ್ಕೂಲಿನ ಹುಡುಗ. ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದದ್ದು ಒಂದೇ, ಯೂಟಾ ಸ್ಟೇಟ್. ಆಗ ಅದು ಸೋಲುತ್ತಲೇ ಇದ್ದ ತಂಡ. ಅವನು ಸೇರಿದ ಮರುವರ್ಷ, 2009ರಲ್ಲಿ, ತಾಯಿ ತೀರಿಕೊಂಡರು. ಹುಡುಗ ಅಲ್ಲೇ ಉಳಿದ. 2011ರ ಋತುವಿನಲ್ಲಿ 147 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಮಾಡಿದ, ತಂಡವೂ ಆ ವರ್ಷ ಸೋತದ್ದಕ್ಕಿಂತ ಹೆಚ್ಚು ಗೆದ್ದಿತು. ಡ್ರಾಫ್ಟ್‌ಗೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ನಡೆಯುತ್ತದೆ, ಎಲ್ಲ ತಂಡಗಳೂ ಹುಡುಗರನ್ನು ಪರೀಕ್ಷಿಸುವ ಜಾಗ. ನ್ಯುಮೋನಿಯಾ ಬಂದು ಅಲ್ಲಿಗೂ ಹೋಗಲಾಗಲಿಲ್ಲ. ಆದರೂ ಮೊದಲ ವರ್ಷವೇ ಸಿಯಾಟಲ್‌ನ ನಡುವಿನ ಲೈನ್‌ಬ್ಯಾಕರ್ ಆದ, 2014ರ ಫೆಬ್ರವರಿಯಲ್ಲಿ ಡೆನ್ವರ್ ವಿರುದ್ಧ 43-8ರಿಂದ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದ. 2019ರಲ್ಲಿ ಏಜೆಂಟ್ ಇಲ್ಲದೆ ತಾನೇ ಕೂತು ಮಾತಾಡಿ 5.4 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡ. ಆ ವಿಷಯ ಓದಿದಾಗ ನನಗೆ ಅವನ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು.

ಸರಿ, ಆದರೆ ವ್ಯಾಗ್ನರ್ ಆರು ಅಡಿ ಇದ್ದಾನೆ. ನಿಮ್ಮ ಹುಡುಗನಿಗೆ ಹೇಳಬೇಕಾದ ಕಥೆ ಸ್ಯಾಮ್ ಮಿಲ್ಸ್ ಅವರದು.

ಮಿಲ್ಸ್ ಎತ್ತರ 5 ಅಡಿ 9 ಅಂಗುಲ. ನ್ಯೂಜೆರ್ಸಿಯ ಲಾಂಗ್ ಬ್ರಾಂಚ್ ಹೈಸ್ಕೂಲು. ಕಾಲೇಜು ಮಾಂಟ್‌ಕ್ಲೇರ್ ಸ್ಟೇಟ್, ಮೂರನೇ ದರ್ಜೆಯ ಡಿವಿಷನ್. ಅಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಅನ್ನುವುದೇ ಇರುವುದಿಲ್ಲ. ಡ್ರಾಫ್ಟ್‌ನಲ್ಲಿ ಯಾರೂ ಹೆಸರು ಕೂಗಲಿಲ್ಲ. 1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಶಿಬಿರಕ್ಕೆ ಕರೆದು ಋತು ಶುರುವಾಗುವ ಮೊದಲು ಕೈಬಿಟ್ಟಿತು. ಮರುವರ್ಷ ಕೆನಡಾದ ಟೊರಾಂಟೊ ಆರ್ಗನಾಟ್ಸ್ ಕೂಡ ಹಾಗೇ ಮಾಡಿತು. ಊರಿಗೆ ಬಂದು ಈಸ್ಟ್ ಆರೆಂಜ್‌ನ ಹೈಸ್ಕೂಲಿನಲ್ಲಿ ಮರಗೆಲಸ, ಫೋಟೊಗ್ರಫಿ ಕಲಿಸುವ ಮೇಷ್ಟ್ರಾದರು. ಅಲ್ಲಿನ ಹುಡುಗರ ಫುಟ್‌ಬಾಲ್ ತಂಡಕ್ಕೂ ಕೋಚಿಂಗ್ ಮಾಡಿದರು.

1983ರಲ್ಲಿ ಯುಎಸ್‌ಎಫ್‌ಎಲ್ ಅಂತ ಹೊಸ ಲೀಗ್ ಶುರುವಾಯಿತು. ಇವರನ್ನು ಕೈಬಿಟ್ಟ ಬ್ರೌನ್ಸ್ ಕೋಚ್ ಸ್ಯಾಮ್ ರುಟಿಗ್ಲಿಯಾನೊ ಅವರೇ ಫಿಲಡೆಲ್ಫಿಯಾ ಸ್ಟಾರ್ಸ್ ತಂಡದವರಿಗೆ ಇವರ ಹೆಸರು ಹೇಳಿದರು. ನನಗೆ ಇದು ಬಹಳ ದೊಡ್ಡ ಮಾತು. ತಂಡದಿಂದ ತೆಗೆದವರ ಮನಸ್ಸಿನಲ್ಲೂ ಉಳಿಯುವ ಹಾಗೆ ಆಡಿದ್ದರು ಮಿಲ್ಸ್. ಸ್ಟಾರ್ಸ್ ಆ ಲೀಗಿನ ಮೂರೂ ಫೈನಲ್ ಆಡಿ ಎರಡು ಗೆದ್ದಿತು. ಲೀಗ್ ಮುಚ್ಚಿತು. ಸ್ಟಾರ್ಸ್ ಕೋಚ್ ಜಿಮ್ ಮೊರಾ 1986ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋಗುವಾಗ ಮಿಲ್ಸ್ ಅವರನ್ನೂ ಕರೆದುಕೊಂಡು ಹೋದರು. ಅವರು ಎನ್‌ಎಫ್‌ಎಲ್‌ನಲ್ಲಿ ಮೊದಲ ಪಂದ್ಯ ಆಡಿದಾಗ ವಯಸ್ಸು 27. ಅಲ್ಲಿ ರಿಕಿ ಜಾಕ್ಸನ್, ವಾನ್ ಜಾನ್ಸನ್, ಪ್ಯಾಟ್ ಸ್ವಿಲಿಂಗ್ ಜೊತೆ ಸೇರಿ ಕಟ್ಟಿದ ನಾಲ್ವರ ಕೋಟೆಗೆ ಜನ ಡೋಮ್ ಪ್ಯಾಟ್ರೋಲ್ (ಡೋಮ್ ಕಾವಲು ಪಡೆ) ಅಂತ ಹೆಸರಿಟ್ಟರು. ಅಲ್ಲಿಯವರೆಗೆ ಸೋಲಿಗೇ ಹೆಸರಾಗಿದ್ದ ಸೇಂಟ್ಸ್ 1987ರಲ್ಲಿ ಮೊದಲ ಬಾರಿಗೆ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಕಂಡಿತು.

1995ರಲ್ಲಿ ಪ್ಯಾಂಥರ್ಸ್ ಹುಟ್ಟಿದಾಗ ಇಲ್ಲಿಗೆ ಬಂದರು. ತಂಡದ ಚರಿತ್ರೆಯ ಮೊದಲ ಗೆಲುವಿನಲ್ಲಿ, ಜೆಟ್ಸ್ ವಿರುದ್ಧ, ಎದುರಾಳಿಯ ಗಿಡ್ಡ ಎಸೆತವೊಂದನ್ನು ನಡುವೆ ಹಿಡಿದು 36 ಗಜ ಓಡಿ ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. 36 ವರ್ಷದ ಮನುಷ್ಯ! ಅದರ ವಿಡಿಯೊ ನಿಮ್ಮ ಹುಡುಗನಿಗೆ ತೋರಿಸಿ. ಎಸೆತ ಕೈಬಿಡುವ ಮೊದಲೇ ಅವರು ಅಲ್ಲಿದ್ದಾರೆ. ನಿವೃತ್ತಿಯಾದ ಮೇಲೆ ಇಲ್ಲೇ ಕೋಚ್ ಆದರು. 2003ರಲ್ಲಿ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೂ ಕೋಚಿಂಗ್ ಬಿಡಲಿಲ್ಲ. 2004ರ ಜನವರಿಯಲ್ಲಿ ಪ್ಲೇಆಫ್ ಪಂದ್ಯಕ್ಕೆ ಮೊದಲು ಹುಡುಗರ ಮುಂದೆ ಅವರು ಆಡಿದ 'ಕೀಪ್ ಪೌಂಡಿಂಗ್' (ಬಿಡದೆ ಹೊಡೆಯುತ್ತಲೇ ಇರಿ) ಎಂಬ ಮಾತು ಇವತ್ತಿಗೂ ತಂಡದ ಜರ್ಸಿಯ ಕಾಲರ್ ಒಳಗೆ ಹೊಲಿದಿರುತ್ತದೆ. 2005ರಲ್ಲಿ, 45ನೇ ವಯಸ್ಸಿಗೆ ತೀರಿಹೋದರು. ಶ್ರೇಷ್ಠ ಆಟಗಾರರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವ ಸಂದದ್ದು 2022ರಲ್ಲಿ. ಅಷ್ಟು ತಡ ಮಾಡಿದ್ದು ಅನ್ಯಾಯ ಅಂತಲೇ ನನ್ನ ಭಾವನೆ.

ಈಗ ನಿಮ್ಮ ಮನೆಯ ವಿಷಯ. ಅಂಕಗಳನ್ನು ಬಿಡಬೇಡಿ. ಮೊದಲ ದರ್ಜೆಯ, ಅಂದರೆ ಡಿವಿಷನ್-1 ಕಾಲೇಜಿನಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ಕೋರ್ಸ್‌ಗಳು ಮುಗಿದಿರಬೇಕು, ಅವುಗಳಲ್ಲಿ 2.3 ಜಿಪಿಎ (ಸರಾಸರಿ ಅಂಕ) ಬೇಕು. ಆಟ ಚೆನ್ನಾಗಿದ್ದು ಇಲ್ಲಿ ಎಡವುವ ಹುಡುಗರಿದ್ದಾರೆ. ಅವನ ಪಂದ್ಯಗಳ ವಿಡಿಯೊ ಇಟ್ಟುಕೊಳ್ಳಿ. ಸುಮ್ನೆ ಜೋರು ಡಿಕ್ಕಿಗಳನ್ನಷ್ಟೇ ಕತ್ತರಿಸಿ ಸೇರಿಸಬೇಡಿ. ಚೆಂಡು ಎತ್ತುವ ಮುಂಚೆ ಅವನು ಕೈ ತೋರಿಸಿ ಜೊತೆಯವರನ್ನು ಸರಿಸುವುದು, ಮೊದಲ ಹೆಜ್ಜೆ ಸರಿಯಾದ ಕಡೆ ಇಡುವುದು ಕಾಣಲಿ. ಚಿಕ್ಕ ಕಾಲೇಜು ಕರೆದರೆ ಅವಮಾನ ಅಂದುಕೊಳ್ಳಬೇಡಿ. ಮೊದಲ ವರ್ಷದಿಂದ ಮೈದಾನಕ್ಕಿಳಿಯುವ ಚಿಕ್ಕ ಕಾಲೇಜು, ಬೆಂಚಿನಲ್ಲಿ ಕೂರಿಸುವ ದೊಡ್ಡ ಕಾಲೇಜಿಗಿಂತ ಮೇಲು. ಚೆಂಡನ್ನು ಒದೆಯುವ ಸಂದರ್ಭಗಳಲ್ಲಿ ಇಳಿಯುವ ಕಿಕ್‌ಆಫ್, ಪಂಟ್ ತಂಡಗಳಲ್ಲೂ ಆಡಲಿ. ಆಗಸ್ಟ್ ಕೊನೆಯಲ್ಲಿ ಎನ್‌ಎಫ್‌ಎಲ್ ತಂಡಗಳು 90 ಜನರನ್ನು 53ಕ್ಕೆ ಇಳಿಸುವಾಗ ಕೊನೆಯ ಕೆಲವು ಜಾಗ ಸಿಗುವುದು ಆ ಕೆಲಸ ಗೊತ್ತಿರುವ ಲೈನ್‌ಬ್ಯಾಕರ್‌ಗಳಿಗೇ.

ಇನ್ನೊಂದು ಮಾತು, ಇದನ್ನು ಅವನ ತಾಯಿಗೂ ಹೇಳಿ. ಕೀಕ್ಲಿ ಎಂಟು ಋತು ಆಡಿ, 28ನೇ ವಯಸ್ಸಿಗೆ, 2020ರ ಜನವರಿಯಲ್ಲಿ ನಿವೃತ್ತಿಯಾದ. ಅದಕ್ಕೆ ಮೊದಲು ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಕನ್‌ಕಷನ್ ಆಗಿತ್ತು. ಪಂದ್ಯ ಮುಗಿಸಿ ಬಂದ ಹುಡುಗ ತಲೆನೋವು ಅಂದರೆ, ಬೆಳಕು ಚುಚ್ಚುತ್ತದೆ ಅಂದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅವರು ಒಪ್ಪಿಗೆ ಕೊಡುವವರೆಗೆ ಹೆಲ್ಮೆಟ್ ಮುಟ್ಟಲು ಬಿಡಬೇಡಿ. ಎಷ್ಟು ಮುಖ್ಯವಾದ ಪಂದ್ಯವೇ ಇರಲಿ, ಯಾರೇ ಒತ್ತಾಯ ಮಾಡಲಿ.

ಅವನು ಯಾವ ಗ್ರೇಡ್‌ನಲ್ಲಿದ್ದಾನೆ, ಯಾವ ರಾಜ್ಯ ಅಂತ ಇಲ್ಲೇ ಬರೆಯಿರಿ. ಅಲ್ಲಿ ಬೇಸಿಗೆಯಲ್ಲಿ ಕಾಲೇಜುಗಳು ನಡೆಸುವ ಕ್ಯಾಂಪ್‌ಗಳಲ್ಲಿ ಯಾವುದಕ್ಕೆ ಕಳಿಸಬಹುದು ಅಂತ ನೋಡಿ ಹೇಳುತ್ತೇನೆ.